ಹಂದಿ ಅಮಲ್ದಾರ ಓಬೆಡ್

ಓಬೆಡ್ ಫಿಸ್ಕ್‌ನನ್ನು ಮಣ್ಣು ಮಾಡಿದ ದಿನ ನಮ್ಮ ಪಾದ್ರಿಗಳು ಅವನ ಬಗ್ಗೆ ಹೇಳಿದ್ದು ಮೂರೇ ಮಾತು. ಪ್ರಾಮಾಣಿಕ, ದೈವಭಕ್ತ, ಕಲ್ಲುಗೋಡೆ ಚೆನ್ನಾಗಿ ಕಟ್ಟುತ್ತಿದ್ದ. ಈ ಮಾತನ್ನು ನಮ್ಮ ಆಲ್ಡರ್‌ಫೀಲ್ಡಿನ ಅರ್ಧ ಗಂಡಸರ ಬಗ್ಗೆ ಹೇಳಬಹುದು, ಉಳಿದರ್ಧದವರ ಬಗ್ಗೆ ಸುಳ್ಳಾದರೂ ಹೇಳುತ್ತಾರೆ. ನನಗೆ ಅಲ್ಲೇ ಮೈ ಉರಿಯಿತು. ಆದರೆ ಪ್ರಾರ್ಥನಾ ಮಂದಿರದಲ್ಲಿ ಹೆಂಗಸರು ಬಾಯಿ ಬಿಡುವ ಹಾಗಿಲ್ಲವಲ್ಲ, ಸುಮ್ಮನಿದ್ದೆ. ಈಗ ನನ್ನ ಸ್ವಂತ ಅಡುಗೆಮನೆಯಲ್ಲಿ ಕೂತಿದ್ದೇನೆ, ಇಲ್ಲಿ ನನ್ನನ್ನು ತಡೆಯುವವರಿಲ್ಲ.

ನಮ್ಮದು ಮಂದಿರದ ಎದುರಿನ ಛತ್ರ. ಹೆಸರಿಗೆ ನನ್ನ ಗಂಡ ಜೇಬೆಜ್‌ನದು, ನಡೆಸುವವಳು ನಾನು. ಊರಿನ ಗಂಡಸರು ಏನೇ ತೀರ್ಮಾನ ಮಾಡಲಿ, ಮಾಡುವ ಮೊದಲು ಜಗಳಕ್ಕೆ ಇಲ್ಲಿಗೆ ಬರುತ್ತಾರೆ, ಮಾಡಿದ ಮೇಲೆ ಗೊಣಗಲು ಇಲ್ಲಿಗೇ ಬರುತ್ತಾರೆ. ಆಗಿನ ಕಾಲದಲ್ಲಿ ರಾಜ ಸಮುದ್ರದಾಚೆ ಇದ್ದ, ಅವನ ಗವರ್ನರ್ ಬಾಸ್ಟನ್ನಿನಲ್ಲಿದ್ದ. ನಮ್ಮನ್ನು ದಿನಬೆಳಗಾದರೆ ಆಳುತ್ತಿದ್ದವರು ಮಾತ್ರ ನಮ್ಮ ಪಕ್ಕದ ಮನೆಯವರೇ. ಪ್ರತಿ ಮಾರ್ಚಿನಲ್ಲಿ ಊರಸಭೆ ಆ ಮಂದಿರದಲ್ಲೇ ಸೇರಿ ಕೆಲಸ ಹಂಚುತ್ತಿತ್ತು. ಪಂಚರು, ಗುಮಾಸ್ತ, ಕಾನ್‌ಸ್ಟೇಬಲ್, ಬೇಲಿ ನೋಡುವವರು, ದಾರಿ ನೋಡುವವರು, ತೊಗಲಿಗೆ ಮುದ್ರೆ ಒತ್ತುವವನು, ಪ್ರಾರ್ಥನೆಯಲ್ಲಿ ತೂಕಡಿಸುವವರನ್ನು ಕೋಲಿನಿಂದ ತಿವಿಯುವವನು. ನಡೆದಾಡುವ ಗಂಡಸಿಗೆಲ್ಲ ಒಂದಲ್ಲ ಒಂದು ವರ್ಷ ಏನಾದರೊಂದು ಅಧಿಕಾರ ಸಿಕ್ಕೇ ಸಿಗುತ್ತಿತ್ತು. ಓಬೆಡ್‌ಗೆ ಮಾತ್ರ ನಲವತ್ತು ದಾಟಿದರೂ ಸಿಕ್ಕಿರಲಿಲ್ಲ.

ಕಾರಣ ಅವನ ಮಾತು. ಆಳು ಬಾಗಿಲ ತುಂಬ ಇದ್ದ, ಕೈ ಅಂದರೆ ಮೊರ. ಆದರೆ ಮಾತು ಆಮೆ. "ಇವತ್ತು ಮಳೆ ಬರೋ ಹಾಗಿದೆ" ಎಂದು ಅವನು ಮುಗಿಸುವಷ್ಟರಲ್ಲಿ ಮಳೆ ಬಂದು ನಿಂತಿರುತ್ತಿತ್ತು. ಸಭೆಯಲ್ಲಿ ಅವನು ಎದ್ದು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಕೈ ಎತ್ತಿಸಿ ಎಣಿಸಿ ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ಆದರೂ ಪ್ರತಿ ವರ್ಷ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಸಭೆ ಮುಗಿದ ಮೇಲೆ ನನ್ನ ಛತ್ರಕ್ಕೆ ಬಂದು ಒಂದು ಮಗ್ ಸೈಡರ್, ಅಂದರೆ ಸೇಬಿನ ಹೆಂಡ, ಕುಡಿದು ಹೋಗುತ್ತಿದ್ದ. ನಾನು ಕೇಳದಿದ್ದರೂ ಒಮ್ಮೆ ಹೇಳಿದ, ಬೇಲಿ ನೋಡುವ ಕೆಲಸವಾದರೂ ಸಾಕಿತ್ತು, ಊರಿನ ಬೇಲಿಯೆಲ್ಲ ತಾನೇ ಕಟ್ಟಿದ್ದಲ್ಲವೇ ಎಂದು. ಅದನ್ನು ಹೇಳಲು ಪೂರ್ತಿ ಮಗ್ ಬೇಕಾಯಿತು.

ಆ ಕಾಲದಲ್ಲೇ ಕೆಜಾಯಾ ನಮ್ಮೂರಿಗೆ ಬಂದದ್ದು. ಅವಳ ಗಂಡ ಫ್ರೆಂಚರ ಮೇಲಿನ ಯುದ್ಧಕ್ಕೆ ಹೋಗಿ, ಗುಂಡಿಗೆ ಸಾಯದೆ ಯಾವುದೋ ಕೋಟೆಯಲ್ಲಿ ಜ್ವರಕ್ಕೆ ಸತ್ತಿದ್ದ. ಅವಳ ಜೊತೆಗಿದ್ದದ್ದು ಆ ಗಂಡನ ತಾಯಿ, ಡಾರ್ಕಸ್ ಅಜ್ಜಿ. ಅಜ್ಜಿಗೆ ಕಣ್ಣು ಮಂಜಾಗುತ್ತಿತ್ತು, ನಾಲಿಗೆ ಮಾತ್ರ ಹೊಸ ಕತ್ತಿ. ಇಬ್ಬರನ್ನೂ ನಾನು ಛತ್ರದ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡೆ. ಕೆಜಾಯಾ ನನ್ನ ಮಗ್ಗದಲ್ಲಿ ನೇಯುತ್ತಿದ್ದಳು, ಅಜ್ಜಿ ಕೂತು ಕಾಳು ಬಿಡಿಸುತ್ತಿದ್ದಳು. ಹೊರಗಿನವರನ್ನು ಮನೆಯಲ್ಲಿ ಇಟ್ಟುಕೊಂಡರೆ ಪಂಚರಿಗೆ ತಿಳಿಸಬೇಕು ಎಂಬುದು ಕಾನೂನು, ತಿಳಿಸಿದೆ. ಪಂಚರ ಮುಖ್ಯಸ್ಥ, ಮಂದಿರದ ಹಿರಿಯನೂ ಆದ ಡೀಕನ್ ಹಾರ್ಲೊ ಮೂಗಿನ ತುದಿ ತಿಕ್ಕಿಕೊಂಡ. ಮುದುಕಿ ಪೂರ್ತಿ ಕುರುಡಾದರೆ ಅವಳ ಊಟ ಬಟ್ಟೆ ಊರಿನ ತಲೆಯ ಮೇಲೆ ಬರುತ್ತದಲ್ಲ ಎಂದ. ಡೀಕನ್ ಕೆಟ್ಟ ಮನುಷ್ಯನಲ್ಲ. ಸ್ವಂತ ಚೀಲದಿಂದ ಎಷ್ಟೋ ಮನೆಗೆ ಹಿಟ್ಟು ಕಳಿಸಿದವನು. ಊರಿನ ಚೀಲ ಮುಟ್ಟಬೇಕಾದರೆ ಮಾತ್ರ ಅವನಿಗೆ ಚಳಿಜ್ವರ ಬರುತ್ತಿತ್ತು.

ಆ ವರ್ಷ ಮಂಜಿನ ಕಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿ ನಮ್ಮ ಕೊಟ್ಟಿಗೆ ಹಿಂದಿನ ಗೋಡೆ ಜಾರಿತು. ಓಬೆಡ್ ರಿಪೇರಿಗೆ ಬಂದ. ಎರಡು ದಿನದ ಕೆಲಸ ವಾರಗಟ್ಟಲೆ ಎಳೆಯಿತು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುವುದನ್ನು ನಾನೇ ಕಣ್ಣಾರೆ ಕಂಡೆ. ಬಿಸಿಲು ಬೀಳುವ ಜಾಗದಲ್ಲಿ ಅಜ್ಜಿ ಕೂತಿರುತ್ತಿದ್ದಳು, ಕಿಟಕಿಯ ಒಳಗೆ ಕೆಜಾಯಾಳ ಮಗ್ಗ. ಓಬೆಡ್‌ನ ಮಾತನ್ನು ಕೊನೆಯವರೆಗೆ ಕೇಳಿದವರು ಊರಲ್ಲಿ ಅಜ್ಜಿ ಒಬ್ಬಳೇ. ಆಮೇಲೆ ಒಂದೊಂದು ಮಾತಿಗೂ ಕೀಟಲೆ ಮಾಡುತ್ತಿದ್ದಳು, ಅವನು ಕಲ್ಲು ಹಿಡಿದುಕೊಂಡೇ ನಗುತ್ತಿದ್ದ. ಮನೆಗೆ ಹೋಗುವಾಗ ಒಂದು ಹೊರೆ ಸೌದೆ ನಮ್ಮ ಹಿಂಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ನಮ್ಮಂಥ ಊರಲ್ಲಿ ಇಂಥದ್ದು ಎಷ್ಟು ದಿನ ಗುಟ್ಟಾಗಿರುತ್ತದೆ? ಊರೆಲ್ಲ ಟಾಂಟಾಂ ಆಯಿತು.

ಇನ್ನು ಹಂದಿಯ ವಿಷಯ. ನಮ್ಮಲ್ಲಿ ಹಂದಿಗಳನ್ನು ಮೇಯಲು ಬಿಡುವವರು ಅವುಗಳ ಕುತ್ತಿಗೆಗೆ ಮರದ ಚೌಕಟ್ಟು, ಮೂಗಿಗೆ ಉಂಗುರ ಹಾಕಬೇಕು. ಇಲ್ಲದಿದ್ದರೆ ಮೆಕ್ಕೆಜೋಳದ ಹೊಲ ಉತ್ತುಹಾಕಿಬಿಡುತ್ತವೆ. ಅದನ್ನು ನೋಡಿಕೊಳ್ಳಲು, ತಪ್ಪಿದ ಹಂದಿಯನ್ನು ಹಿಡಿದು ದೊಡ್ಡಿಗೆ ಹಾಕಲು ಸಭೆ ಒಬ್ಬ ಮೇಲ್ವಿಚಾರಕನನ್ನು ಆರಿಸುತ್ತದೆ. ಎಲ್ಲಕ್ಕಿಂತ ಕೀಳು ಹುದ್ದೆ. ಅದಕ್ಕೇ ಪದ್ಧತಿಯಂತೆ ಅದನ್ನು ಆ ವರ್ಷ ಹೊಸದಾಗಿ ಮದುವೆಯಾದವನ ತಲೆಗೆ ಕಟ್ಟುತ್ತಾರೆ, ತಮಾಷೆಗೆ. ಮದುಮಗ ನಾಚಿಕೊಂಡು ಪ್ರಮಾಣ ಮಾಡುತ್ತಾನೆ, ಎಲ್ಲರೂ ನಗುತ್ತಾರೆ, ಆಮೇಲೆ ವರ್ಷವಿಡೀ ಒಂದು ಹಂದಿಯನ್ನೂ ಹಿಡಿಯುವುದಿಲ್ಲ.

ಆ ಮಾರ್ಚಿನಲ್ಲಿ ಈ ಹುದ್ದೆಗೆ ಹೆಸರು ಕೇಳಿದಾಗ ಯಾವನೋ ತುಂಟ "ಓಬೆಡ್ ಫಿಸ್ಕ್" ಎಂದು ಕೂಗಿದ. ಮದುವೆಯೇ ಆಗದವನ ಹೆಸರು. ಗಂಡಸರ ನಗು ಬೀದಿ ದಾಟಿ ನನ್ನ ಅಡುಗೆಮನೆಗೆ ಕೇಳಿಸಿತು. ಎಲ್ಲರೂ ಕೈ ಎತ್ತಿದರು. ಅವನು ಬೇಡ ಅನ್ನುತ್ತಾನೆ, ಕೆಂಪಗಾಗುತ್ತಾನೆ, ಇನ್ನಷ್ಟು ನಗಬಹುದು ಎಂದುಕೊಂಡಿದ್ದರು. ಅವನು ಎದ್ದು ಮುಂದೆ ಹೋಗಿ, ಕೈ ಎತ್ತಿ, ಪ್ರಮಾಣದ ಒಂದೊಂದು ಪದವನ್ನೂ ನಿಧಾನವಾಗಿ ಹೇಳಿದ. ನಗು ತಾನಾಗೇ ನಿಂತಿತು ಎಂದು ಜೇಬೆಜ್ ಆಮೇಲೆ ಹೇಳಿದ.

ಅಲ್ಲಿಂದ ನೇರ ನಮ್ಮಲ್ಲಿಗೆ ಬಂದ, ಮೊಣಕಾಲ ತನಕ ಕೆಸರು. ಕೆಜಾಯಾ ಸಕ್ಕರೆ ಪಾಕಕ್ಕೆ ಮೇಪಲ್ ಮರದ ರಸ ಕುದಿಸುತ್ತಿದ್ದಳು, ಅಜ್ಜಿ ಒಲೆಯ ಪಕ್ಕ ಇದ್ದಳು.

"ಕೆಜಾಯಾ, ನನ್ನನ್ನ ಹಂದಿ ಮೇಲ್ವಿಚಾರಕನ್ನ ಮಾಡಿದಾರೆ."

"ಕೇಳಿಸ್ತು. ನಗು ಇಲ್ಲೀತನಕ ಬಂತು."

"ಆ ಕೆಲಸ ಮದುವೆ ಆದೋರಿಗೆ ಕೊಡೋದು."

"ಅದೂ ಗೊತ್ತು."

"ನಾನು ಪ್ರಮಾಣ ಮಾಡಿ ಬಂದ್ಬಿಟ್ಟೆ."

ಕೆಜಾಯಾ ಸೌಟು ನಿಲ್ಲಿಸಲಿಲ್ಲ. ಅಜ್ಜಿ ಮೂಲೆಯಿಂದ ಹೇಳಿದಳು, "ಏ ಹುಡುಗಿ, ಅವನು ಇಷ್ಟು ಮಾತಾಡಿದ್ದೇ ಹೆಚ್ಚು. ಉಳಿದಿದ್ದನ್ನ ನೀನೇ ಹೇಳ್ಬಾರ್ದಾ?"

"ನಾನು ಬಂದ್ರೆ ಅತ್ತೇನೂ ಬರ್ತಾರೆ," ಎಂದಳು ಕೆಜಾಯಾ, ಪಾತ್ರೆಯ ಕಡೆಗೇ ನೋಡುತ್ತ.

"ಅಜ್ಜಿ ಬರಲ್ಲ ಅಂದಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ," ಎಂದ ಓಬೆಡ್.

ಪಾಕ ತಳ ಹಿಡಿಯಿತು. ನಾನು ಬೈಯಲಿಲ್ಲ.

ಮದುವೆಯಾದ ವಾರದಲ್ಲೇ ಅವನು ಡೀಕನ್ ಹಾರ್ಲೊನ ಹೆಣ್ಣುಹಂದಿಯನ್ನು ದೊಡ್ಡಿಗೆ ಹಾಕಿದ. ಅದಕ್ಕೆ ಉಂಗುರ ಇರಲಿಲ್ಲ. ಮರುದಿನ ನಮ್ಮದೇ ಎರಡು. ಜೇಬೆಜ್ ಕೂಗಾಡಿದ, ಹತ್ತು ವರ್ಷದಿಂದ ನನ್ನ ಸೈಡರ್ ಕುಡಿದಿದ್ದೀಯ ಎಂದ. ಓಬೆಡ್ ತಲೆ ಅಲ್ಲಾಡಿಸಿ, ಸೈಡರ್ ಚೆನ್ನಾಗಿದೆ, ಹಂದಿಗೆ ಉಂಗುರ ಇಲ್ಲ ಎಂದ. ಆ ಬೇಸಿಗೆ ಊರಿನ ಜೋಳ ಒಂದು ತೆನೆಯೂ ಹಾಳಾಗಲಿಲ್ಲ. ಮರುವರ್ಷ ಹೊಸ ಮದುಮಗನಿದ್ದರೂ ಜನ ಓಬೆಡ್‌ನನ್ನೇ ಆರಿಸಿದರು, ಅದರ ಮರುವರ್ಷವೂ. "ಹಂದಿ ಅಮಲ್ದಾರರು ಬಂದ್ರು" ಎಂದು ಛತ್ರದಲ್ಲಿ ಕೀಟಲೆ ಮಾಡುತ್ತಿದ್ದರು. ಅವನು ಟೊಪ್ಪಿ ಎತ್ತಿ ಆ ಹೆಸರನ್ನು ಗೌರವದಿಂದಲೇ ಸ್ವೀಕರಿಸುತ್ತಿದ್ದ.

ಮದುವೆಯಿಂದ ಕೆಜಾಯಾ ನಮ್ಮೂರಿನವಳಾದಳು. ಗಂಡ ಎಲ್ಲಿಯವನೋ ಹೆಂಡತಿ ಅಲ್ಲಿಯವಳು. ಆದರೆ ಅಜ್ಜಿ? ಅವಳು ಓಬೆಡ್‌ಗೆ ಏನಾಗಬೇಕು? ಹೆಂಡತಿಯ ಸತ್ತ ಗಂಡನ ತಾಯಿ. ಅದಕ್ಕೆ ಕಾನೂನಿನಲ್ಲಿ ಹೆಸರಿಲ್ಲ. ಹೊರಗಿನವರು ಒಂದು ವರ್ಷ ಯಾರ ತಕರಾರೂ ಇಲ್ಲದೆ ಊರಲ್ಲಿದ್ದರೆ ಊರಿನವರಾಗಿಬಿಡುತ್ತಾರೆ, ಆಮೇಲೆ ಅವರ ಮುಪ್ಪು ಊರಿನ ಹೊಣೆ. ಅದಾಗದಿರಲೆಂದು ವರ್ಷ ತುಂಬುವ ಮೊದಲೇ ಕಾನ್‌ಸ್ಟೇಬಲ್ ಹೋಗಿ 'ಊರು ಬಿಡು' ಎಂದು ಓದಿ ಹೇಳಬೇಕು. ಹೇಳಿದರೆ ಸಾಕು, ನಿಜವಾಗಿ ಓಡಿಸುವುದು ಅಪರೂಪ. ಒಮ್ಮೆ ಹೇಳಿದರೆ ಸಾಕೋ, ವರ್ಷ ವರ್ಷವೂ ಹೇಳಬೇಕೋ ಎಂಬುದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಲು ಹೋದರೆ ವಕೀಲನಿಗೆ ಕೊಡಬೇಕು. ಅದಕ್ಕೆ ಡೀಕನ್ ವರ್ಷ ವರ್ಷವೂ ಹೇಳಿಸಿಬಿಡೋಣ ಎಂದ.

ಮೊದಲ ಸಲ ಕಾನ್‌ಸ್ಟೇಬಲ್ ಹಿತ್ತಾಳೆ ತುದಿಯ ಕೋಲು ಹಿಡಿದು ಓಬೆಡ್‌ನ ಬಾಗಿಲಲ್ಲಿ ನಿಂತು, ಜಾರ್ಜ್ ಮಹಾರಾಜರ ಹೆಸರಿನಲ್ಲಿ ಡಾರ್ಕಸ್ ಎಂಬ ವಿಧವೆ ಈ ಊರು ಬಿಟ್ಟು ಹೋಗತಕ್ಕದ್ದು ಎಂದು ಓದಿದಾಗ ಕೆಜಾಯಾ ಅತ್ತಳು. ಅಜ್ಜಿ ಮಾತ್ರ, ಮಹಾರಾಜರಿಗೆ ನನ್ನ ನೆನಪಿದೆಯಲ್ಲ ಸಂತೋಷ ಎಂದು, ಅವನನ್ನು ಕೂರಿಸಿ ಜೋಳದ ರೊಟ್ಟಿ ತಿನ್ನಿಸಿ ಸೈಡರ್ ಕೊಟ್ಟು ಕಳಿಸಿದಳು. ಅಷ್ಟೇ. ಯಾರೂ ಗಾಡಿ ತರಲಿಲ್ಲ, ಅವಳೂ ಹೋಗಲಿಲ್ಲ. ಅಲ್ಲಿಂದ ಅದೊಂದು ವರ್ಷಾಚರಣೆಯೇ ಆಯಿತು. ಕಾನ್‌ಸ್ಟೇಬಲ್ ತಡಮಾಡಿದರೆ, ನನ್ನ ರಾಜ ಎಲ್ಲಿ, ಹುಷಾರಾಗಿದ್ದಾನಾ ಎಂದು ಅಜ್ಜಿಯೇ ಹೇಳಿಕಳಿಸುತ್ತಿದ್ದಳು. ರೊಟ್ಟಿಯ ಆಸೆಗೇ ಆ ಹುದ್ದೆಗೆ ಒಪ್ಪಿದವರಿದ್ದರು. ಊರೆಲ್ಲ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿದ್ದೇನೆ.

ಹೀಗೇ ಹನ್ನೆರಡು ಹದಿಮೂರು ವರ್ಷ ಕಳೆಯಿತು. ಅಜ್ಜಿಯ ಕಣ್ಣು ಪೂರ್ತಿ ಹೋಯಿತು. ಅಷ್ಟರಲ್ಲಿ ರಾಜನಿಗೂ ನಮಗೂ ಕೆಟ್ಟಿತು. ತೆರಿಗೆಯ ಜಗಳಕ್ಕೆ ಚಹಾ ಕುಡಿಯುವುದು ನಿಂತಿತು, ಗವರ್ನರ್ ಹೋದ, ಹುಡುಗರೆಲ್ಲ ಬಂದೂಕು ಹೊತ್ತು ದಂಡಿಗೆ ಹೋದರು. ಆ ಮಾರ್ಚಿನ ಸಭೆಯಲ್ಲಿ ಕಾನ್‌ಸ್ಟೇಬಲ್ ಆಗಲು ಗಟ್ಟಿ ಗಂಡಸರೇ ಇರಲಿಲ್ಲ. ಓಬೆಡ್‌ನನ್ನು ಆರಿಸಿದರು, ಈ ಸಲ ತಮಾಷೆಗಲ್ಲ. ಅವನು ಕೋಲನ್ನು ಮನೆಗೆ ಒಯ್ದು ಹಿತ್ತಾಳೆ ತುದಿಯನ್ನು ಬೂದಿಯಲ್ಲಿ ಉಜ್ಜಿ ಉಜ್ಜಿ ಬೆಳಗಿದ. ದಾರಿಯಲ್ಲಿ ಅದನ್ನು ಹಿಡಿದು ನಡೆಯುವಾಗ ಬೆನ್ನು ಎಷ್ಟು ನೆಟ್ಟಗಿರುತ್ತಿತ್ತು ಅಂದರೆ, ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಜೂನಿನಲ್ಲಿ ಗುಮಾಸ್ತ ನಮ್ಮ ಛತ್ರದಲ್ಲೇ ಅವನ ಕೈಗೆ ಕಾಗದ ಕೊಟ್ಟ. ಅಜ್ಜಿಯ ವರ್ಷದ ಕಾಗದ. ಮಹಾರಾಜರ ಹೆಸರು ತೆಗೆದಿದ್ದರು, ಈಗ ಎಲ್ಲ ಹುಕುಮೂ 'ಮಸಾಚುಸೆಟ್ಸಿನ ಸರ್ಕಾರ ಮತ್ತು ಜನರ ಹೆಸರಿನಲ್ಲಿ' ಹೊರಡುತ್ತಿತ್ತು. ಓಬೆಡ್ ಅದನ್ನು ಓದಿ ಟೊಪ್ಪಿಯೊಳಗೆ ಇಟ್ಟುಕೊಂಡ. ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಒಲೆಗೆ ಹಾಕು, ಓದಿ ಹೇಳಿದೆ ಅನ್ನು, ಯಾರು ಕೇಳ್ತಾರೆ ಎಂದೆ.

"ಪ್ರಮಾಣ ಮಾಡಿದೀನಿ ಹುಲ್ಡಕ್ಕ," ಎಂದ.

ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ತನ್ನದೇ ಮನೆಯ ಬಾಗಿಲನ್ನು ಕೋಲಿನಿಂದ ತಟ್ಟಿದ. ಅಜ್ಜಿ ಹಾಸಿಗೆಯ ತುದಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಅವನು ಓದಿದ. ಓದಿದ್ದು ಎಷ್ಟು ನಿಧಾನ ಅಂದರೆ, ಅವಳಿಗೆ ಒಂದು ಪದವೂ ತಪ್ಪುವಂತಿರಲಿಲ್ಲ.

"ಯಾರ ಹೆಸರು ಅಂದೆ ಓಬಿ?"

"ಜನರ ಹೆಸರು."

"ಯಾವ ಜನ?"

"ನಾವೇ ಅಜ್ಜಿ. ಇಲ್ಲಿಯೋರು."

ಅಜ್ಜಿಯ ಬೆರಳು ಬಟಾಣಿಯ ಮೇಲೆ ನಿಂತಿತು. ನಾನು ಅವಳ ಕೀಟಲೆಗೆ ಕಾದೆ. ಅದು ಬರಲಿಲ್ಲ.

"ರಾಜ ಹೋಗು ಅಂದಾಗ ನಂಗೆ ನಗು ಬರ್ತಿತ್ತು. ಅವನು ನನ್ನ ನೋಡಿರ್ಲಿಲ್ಲ. ಇವರೆಲ್ಲ ನೋಡಿದಾರಲ್ಲೋ. ನನ್ನ ಕೈಯಾರೆ ತಿಂದಿದಾರೆ."

ಆಮೇಲೆ ಬಗ್ಗಿ, ಮಂಚದ ಕೆಳಗೆ ತಡಕಾಡಿ ಒಂದು ಗಂಟು ಎಳೆದಳು. ಬಿಗಿಯಾಗಿ ಕಟ್ಟಿದ ಗಂಟು. ಸಂದಿಯಲ್ಲಿ ಶಾಲು, ಕಾಲುಚೀಲ, ಒಂದು ಚಮಚದ ಹಿಡಿ ಕಾಣುತ್ತಿತ್ತು. ಕೆಜಾಯಾ ಮಗ್ಗದಿಂದ ಎದ್ದು ಬಂದು, ಇದೇನತ್ತೆ, ಯಾವಾಗ ಕಟ್ಟಿದ್ದು ಎಂದಳು.

"ಮೊದಲ್ನೇ ಕಾಗದ ಬಂದಾಗ," ಎಂದಳು ಅಜ್ಜಿ. "ಗಾಡಿ ಬಂದ್ರೆ ಕಾಯಿಸ್ಬಾರ್ದು ಅಂತ."

ಇಷ್ಟು ವರ್ಷ ನಾವು ನಕ್ಕಿದ್ದು ನೆನಪಾಗಿ ನನಗೆ ನಿಂತಲ್ಲೇ ಅಳು ಬಂತು. ಆ ಮುದುಕಿ ಕಾನ್‌ಸ್ಟೇಬಲ್‌ನಿಗೆ ರೊಟ್ಟಿ ತಿನ್ನಿಸುತ್ತಿದ್ದದ್ದು ತಮಾಷೆಗಲ್ಲ, ಭಯಕ್ಕೆ. ಅವನು ಚೆನ್ನಾಗಿ ತಿಂದು ಹೋದರೆ ಗಾಡಿ ತರಲಾರ ಎಂದು. ಓಬೆಡ್ ಕಾಗದ ಮಡಿಸಿ ಮತ್ತೆ ಟೊಪ್ಪಿಯಲ್ಲಿಟ್ಟು, ಗೋಡೆ ಕಟ್ಟಲು ಹೋಗಿಬಿಟ್ಟ.

ಅದೇ ತಿಂಗಳು ವಿಶೇಷ ಸಭೆ ಕರೆದರು. ರಾಜನಿಂದ ಪೂರ್ತಿ ಬಿಡಿಸಿಕೊಂಡು ನಾವೇ ಒಂದು ದೇಶವಾಗುವುದಾದರೆ ಈ ಊರು ಒಪ್ಪುತ್ತದೆಯೇ, ಪ್ರಾಣ ಆಸ್ತಿ ಒತ್ತೆಯಿಟ್ಟು ನಿಲ್ಲುತ್ತದೆಯೇ ಎಂದು ಕೇಳಲು. ಸೆಕೆಗೆ ಮಂದಿರದ ಕಿಟಕಿಗಳನ್ನೆಲ್ಲ ತೆರೆದಿದ್ದರು. ನಾನು ಮಗ್‌ಗಳನ್ನು ಬುಟ್ಟಿಗೆ ಹಾಕಿಕೊಂಡು ಕಿಟಕಿಯ ಕೆಳಗಿನ ಬಾವಿಕಟ್ಟೆಯಲ್ಲಿ ತೊಳೆಯಲು ಕೂತೆ, ಕತ್ತು ಚಾಚಿದರೆ ಒಳಗಿನದು ಕಾಣುತ್ತಿತ್ತು. ಅಷ್ಟು ಚೆನ್ನಾಗಿ ನನ್ನ ಮಗ್‌ಗಳು ಅದಕ್ಕೆ ಮೊದಲೂ ಬೆಳಗಿಲ್ಲ, ಆಮೇಲೂ ಬೆಳಗಿಲ್ಲ.

ದೊಡ್ಡ ವಿಷಯಕ್ಕೆ ಎಲ್ಲ ಕೈಯೂ ಎದ್ದವು. ಡೀಕನ್‌ನ ಇಬ್ಬರು ಮಕ್ಕಳು ದಂಡಿನಲ್ಲಿದ್ದರು. ಸಭೆ ಮುಗಿಸುತ್ತೇನೆ ಎಂದು ಅವನು ಹೇಳುವಾಗ ಓಬೆಡ್ ಎದ್ದ. ಗಂಟಲು ಸರಿಮಾಡಿಕೊಂಡ. ಡೀಕನ್, ಏನಪ್ಪ, ಹಂದಿ ವಿಷಯಾನಾ ಎಂದ. ಅಲ್ಲಲ್ಲಿ ನಕ್ಕರು. ಓಬೆಡ್ ಆ ನಗು ಮುಗಿಯುವ ತನಕ ನಿಂತೇ ಇದ್ದ.

"ಈ ಕಾಗದದಲ್ಲಿ ಜನರ ಹೆಸರಲ್ಲಿ ಅಂತಿದೆ," ಎಂದ. "ನಾನೂ ಜನಾನೇ. ಅಜ್ಜಿ ಹೋಗ್ಲಿ ಅಂತ ನಾನು ಹೇಳಿಲ್ಲ. ಹಾಗಾದ್ರೆ ಹೇಳಿದೋರು ಯಾರು ಅಂತ ಗೊತ್ತಾಗ್ಬೇಕು. ಹೇಳಿದೋರು ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. ಬೆಂಚು ಕಿರುಗುಟ್ಟಿದ್ದು ಮಾತ್ರ ನನಗೆ ಕೇಳಿಸಿತು.

ಡೀಕನ್ ಸಮಾಧಾನದಿಂದಲೇ ಹೇಳಿದ, "ಅದೊಂದು ಪದ್ಧತಿ ಕಣಯ್ಯ. ಅಜ್ಜೀನ ಯಾರು ಕಳಿಸ್ತಾರೆ?"

"ಅದು ನಿಮಗೆ ಗೊತ್ತು, ಡೀಕನ್. ಅಜ್ಜಿಗೆ ಗೊತ್ತಿಲ್ಲ. ಇಷ್ಟು ವರ್ಷ ಗಂಟು ಕಟ್ಟಿ ಮಂಚದ ಕೆಳಗೆ ಇಟ್ಕೊಂಡಿದಾರೆ. ನಾನೇ ಆ ಮಂಚದ ಪಕ್ಕ ದಿನಾ ಓಡಾಡ್ದೆ, ನಂಗೂ ಗೊತ್ತಿರ್ಲಿಲ್ಲ."

ಆಮೇಲೆ ಕೋಲನ್ನು ಡೀಕನ್‌ನ ಮುಂದಿನ ಮೇಜಿನ ಮೇಲೆ ಇಟ್ಟ. ಅಜ್ಜಿಯನ್ನು ಊರಿನವಳು ಅಂತ ಸೇರಿಸಿಕೊಳ್ಳಿ, ಇಲ್ಲವಾದರೆ ಇದನ್ನು ಬೇರೆಯವರಿಗೆ ಕೊಡಿ, ನಾನು ಇನ್ನೊಮ್ಮೆ ಆ ಬಾಗಿಲು ತಟ್ಟಲಾರೆ ಎಂದ. ಆ ಕೋಲಿಗೆ ಅವನು ಎಷ್ಟು ವರ್ಷ ಆಸೆಪಟ್ಟಿದ್ದ ಎಂಬುದು ಒಳಗಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಹೊರಗೆ ಮಗ್ ಹಿಡಿದು ಕೂತವಳಿಗೂ ಗೊತ್ತಿತ್ತು.

ಯಾರೋ ಸೇರಿಸಿಕೊಳ್ಳೋಣ ಎಂದರು. ದನಿ ನನ್ನ ಜೇಬೆಜ್‌ನದೇ ಎಂದು ಗುರುತಾಗಿ, ಅವನ ಮೇಲೆ ನನಗೆ ಹೊಸದಾಗಿ ಪ್ರೀತಿ ಬಂತು. ಡೀಕನ್ ಕೈ ಎತ್ತಲು ಹೇಳಿದ. ತಾನು ಎತ್ತಲಿಲ್ಲ. ಆದರೆ ಇದಕ್ಕೆ ವಿರುದ್ಧ ಯಾರಿದ್ದೀರಿ ಎಂದು ಕೇಳುವ ನಿಯಮವನ್ನು, ಇಪ್ಪತ್ತು ವರ್ಷ ಸಭೆ ನಡೆಸಿದ ಆ ಮನುಷ್ಯ ಅಂದು ಮರೆತುಬಿಟ್ಟ.

ಓಬೆಡ್ ಕೋಲನ್ನು ಅಲ್ಲೇ ಬಿಟ್ಟು ಹೊರಬಂದ. ಆ ಭಾರಿ ಆಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಒಳಗೆ ನುಗ್ಗಿ ಕೋಲು ತೆಗೆದುಕೊಂಡು, ಹೆಂಗಸು ಸಭೆಯೊಳಗೆ ಬಂದಳೆಂದು ಗುಮಾಸ್ತ ಬಾಯಿ ತೆರೆಯುವ ಮೊದಲೇ ಅವನ ಹಿಂದೆ ಹೊರಟೆ.

ನಾನು ತಲುಪುವಾಗ ಅವನು ಏದುಸಿರು ಬಿಡುತ್ತ ಹೇಳಿ ಮುಗಿಸಿದ್ದ. ಕೆಜಾಯಾ ಸೊಂಟಕ್ಕೆ ಕಟ್ಟಿದ ಬಟ್ಟೆಯಿಂದ ಕಣ್ಣು ಒರೆಸುತ್ತಿದ್ದಳು. ಅಜ್ಜಿ ಕೂತಲ್ಲೇ ಕೂತಿದ್ದಳು.

"ಎಲ್ರೂ ಎತ್ತಿದ್ರಾ?"

"ಡೀಕನ್ ಬಿಟ್ಟು."

"ಪಾಪ, ಅವನಿಗೂ ವಯಸ್ಸಾಯ್ತು. ಕೈ ಏಳ್ತಿಲ್ವೇನೋ."

ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಚ್ಚತೊಡಗಿದಳು. ಗಂಟು ಹಳೆಯದಾಗಿ ಬಿಗಿದಿತ್ತು, ಹಲ್ಲು ಹಚ್ಚಬೇಕಾಯಿತು. ಶಾಲು ತೆಗೆದು ಕೊಡವಿದಳು. ಎದ್ದು, ಬಾಗಿಲ ಪಕ್ಕದ ಗೋಡೆಗೆ ಹೋಗಿ ಬಟ್ಟೆ ನೇತುಹಾಕುವ ಗೂಟಗಳನ್ನು ಕೈಯಿಂದ ಮುಟ್ಟುತ್ತ ಬಂದಳು. ಒಂದರಲ್ಲಿ ಓಬೆಡ್‌ನ ಕೋಟು, ಒಂದರಲ್ಲಿ ಕೆಜಾಯಾಳ ಮೇಲಂಗಿ, ಇನ್ನೊಂದರಲ್ಲಿ ಚೀಲ. ಅಲ್ಲಿಗೆ ಗೂಟ ಮುಗಿಯಿತು. ಆ ಮನೆಯಲ್ಲಿ ಇಷ್ಟು ವರ್ಷ ಅವಳು ಒಂದು ಗೂಟವನ್ನೂ ಕೇಳಿರಲಿಲ್ಲ.

"ಓಬಿ, ನಂದು ಎಲ್ಲಿ ಹಾಕ್ಲಿ?" ಎಂದಳು.

ಓಬೆಡ್ ಸುತ್ತಿಗೆ ಹುಡುಕಲು ಹೋದ.